ಎಂಬೆಡ್ ಮಾಡಿದ ಪೈಥಾನ್ ಶೆಲ್‌ನಲ್ಲಿ ಕಾಲರ್‌ನ ಗ್ಲೋಬಲ್ ವೇರಿಯಬಲ್‌ಗಳನ್ನು ಪಡೆಯುವ ಬಗೆ

ಪೈಥಾನ್ ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ನಡುವೆ ಒಂದು ಸಂವಾದಾತ್ಮಕ ಶೆಲ್ ತೆರೆದು, ಆ ಕ್ಷಣಕ್ಕೆ ಯಾವ ವೇರಿಯಬಲ್‌ನಲ್ಲಿ ಏನಿದೆ ಎಂದು ನೋಡುವುದು ದೋಷ ಹುಡುಕುವುದಕ್ಕೆ ಬಹಳ ನೇರವಾದ ದಾರಿ. ಶೆಲ್ ತೆರೆಯುವ ಸಾಲುಗಳನ್ನು ಹತ್ತು ಕಡೆ ಬರೆಯುವ ಬದಲು ಒಂದು ಸಹಾಯಕ ಫಂಕ್ಷನ್‌ನೊಳಗೆ ಇಟ್ಟು, ಬೇಕಾದಲ್ಲೆಲ್ಲ ಅದನ್ನು ಕರೆಯೋಣ ಎಂದು ಹೊರಟ ಕೂಡಲೇ ತೊಡಕು ಎದುರಾಗುತ್ತದೆ. ಪ್ರಾಂಪ್ಟ್ ಸರಿಯಾಗಿಯೇ ಬರುತ್ತದೆ. ಆದರೆ ಶೆಲ್ ತೆರೆಯಲು ಕೇಳಿದ ಫೈಲಿನ ವೇರಿಯಬಲ್ ಹೆಸರನ್ನು ಟೈಪ್ ಮಾಡಿದರೆ, ಅಂಥ ಹೆಸರೇ ಇಲ್ಲವೆಂಬ ನೇಮ್‌ಎರರ್ ಬರುತ್ತದೆ. ಶೆಲ್ ತೆರೆಯಲು ಕೇಳಿದ ಆ ಕೋಡನ್ನು ಮುಂದೆ ಕಾಲರ್ ಎಂದು ಕರೆಯುತ್ತೇನೆ. ಕಾಲರ್‌ನ ಗ್ಲೋಬಲ್‌ಗಳನ್ನು ಶೆಲ್‌ನಲ್ಲಿ ಓದುವುದು ಹೇಗೆ, ಅವುಗಳಿಗೆ ಹೊಸ ಬೆಲೆ ಕೊಟ್ಟರೆ ಅದು ಕಾಲರ್‌ಗೆ ನಿಜಕ್ಕೂ ತಲುಪುವಂತೆ ಮಾಡುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಈ ಬರಹ ಉತ್ತರ ಕೊಡುತ್ತದೆ. ಇವೆರಡೂ ಒಂದೇ ಪ್ರಶ್ನೆಯಂತೆ ಕಂಡರೂ ಒಂದೇ ಅಲ್ಲ, ಮತ್ತು ಹೆಚ್ಚಿನ ಗೊಂದಲ ಹುಟ್ಟುವುದೇ ಇವೆರಡನ್ನು ಒಂದೆಂದು ಭಾವಿಸುವುದರಿಂದ.

ಪೈಥಾನ್‌ನದೇ ಆದ ಫಂಕ್ಷನ್ ಮತ್ತು ಮಾಡ್ಯೂಲ್‌ಗಳ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಉದಾಹರಣೆಗಳಲ್ಲಿ ಬರುವ ಎಣಿಕೆ, ಮಿತಿ ಮುಂತಾದ ವೇರಿಯಬಲ್ ಹೆಸರುಗಳು ಮಾತ್ರ ಇದ್ದಂತೆಯೇ ನಡೆಯುತ್ತವೆ, ಏಕೆಂದರೆ ಪೈಥಾನ್ 3ರಲ್ಲಿ ವೇರಿಯಬಲ್‌ನ ಹೆಸರು ಕನ್ನಡ ಲಿಪಿಯಲ್ಲಿ ಇರಬಹುದು. ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ (ZWNJ) ಹೆಸರಿನೊಳಗೆ ಸೇರಿದ್ದರೆ ಮಾತ್ರ ಪೈಥಾನ್ ಅದನ್ನು ಒಪ್ಪುವುದಿಲ್ಲ. ಕನ್ನಡ ಕೀಬೋರ್ಡ್ ಬಳಸುವವರು ಇದನ್ನು ನೆನಪಿಡಬೇಕು.

ಗ್ಲೋಬಲ್ ಎಂದರೆ ಯಾರ ಗ್ಲೋಬಲ್?

ಹೆಸರು ಕೇಳಿದರೆ ಇಡೀ ಪ್ರೋಗ್ರಾಂಗೆ ಸೇರಿದ್ದು ಎನ್ನಿಸುತ್ತದೆ, ಆದರೆ ಪೈಥಾನ್‌ನಲ್ಲಿ ಹಾಗಿಲ್ಲ. ಪ್ರತಿಯೊಂದು ಮಾಡ್ಯೂಲ್‌ಗೂ ತನ್ನದೇ ಆದ ಒಂದು ಡಿಕ್ಷನರಿ ಇರುತ್ತದೆ, ಆ ಮಾಡ್ಯೂಲ್‌ನ ಗ್ಲೋಬಲ್‌ಗಳೆಂದರೆ ಆ ಡಿಕ್ಷನರಿಯಲ್ಲಿರುವ ಹೆಸರುಗಳು. ಒಂದು ಫಂಕ್ಷನ್ ಯಾವ ಫೈಲಿನಲ್ಲಿ ಬರೆಯಲ್ಪಟ್ಟಿತೋ ಆ ಫೈಲಿನ ಡಿಕ್ಷನರಿಯನ್ನೇ ತನ್ನ ಜೊತೆಗೆ ಕಟ್ಟಿಕೊಂಡು ಓಡಾಡುತ್ತದೆ. ಅದನ್ನು ಯಾರು ಕರೆದರು, ಎಲ್ಲಿಂದ ಕರೆದರು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪೈಥಾನ್‌ನಲ್ಲೇ ಇರುವ ಗ್ಲೋಬಲ್ಸ್ ಎಂಬ ಫಂಕ್ಷನ್ ಹಿಂತಿರುಗಿಸುವುದೂ ತನ್ನನ್ನು ಕರೆಯುವ ಸಾಲು ಯಾವ ಫೈಲಿನಲ್ಲಿದೆಯೋ ಆ ಫೈಲಿನ ಡಿಕ್ಷನರಿಯನ್ನೇ.

ಈ ಒಂದು ಮಾತು ಮನಸ್ಸಿಗೆ ಇಳಿಯುವ ಮೊದಲು ನಾನು ಒಂದು ಪೂರ್ತಿ ಮಧ್ಯಾಹ್ನ ಕಳೆದಿದ್ದೇನೆ. ಸಹಾಯಕ ಫಂಕ್ಷನ್‌ಗಳಿಗೆಂದು ಇಟ್ಟಿದ್ದ ಫೈಲಿನಲ್ಲಿ ಶೆಲ್ ತೆರೆಯುವ ಫಂಕ್ಷನ್ ಬರೆದು, ಅದರೊಳಗೇ ಗ್ಲೋಬಲ್ಸ್ ಅನ್ನು ಕರೆದು, ಸಿಕ್ಕ ಡಿಕ್ಷನರಿಯನ್ನು ಶೆಲ್‌ಗೆ ಕೊಟ್ಟಿದ್ದೆ. ಶೆಲ್‌ನಲ್ಲಿ ಹೆಸರುಗಳು ಕಾಣುತ್ತಿದ್ದವು, ಅದೂ ಹಲವಾರು. ಆದರೆ ಅವೆಲ್ಲ ಸಹಾಯಕ ಫೈಲಿನ ಹೆಸರುಗಳಾಗಿದ್ದವು. ಎರಡೂ ಫೈಲುಗಳು ಒಂದೇ ಬಗೆಯ ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡಿಕೊಂಡಿದ್ದರಿಂದ ಪಟ್ಟಿ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು, ನನಗೆ ಬೇಕಾದ ಹೆಸರು ಮಾತ್ರ ಇರಲಿಲ್ಲ.

ಹಾಗಾಗಿ ಶೆಲ್ ತೆರೆದ ಮೇಲೆ ಮೊದಲು ಮಾಡಬೇಕಾದ ಕೆಲಸ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್‌ಗಳಿರುವ ನೇಮ್ ಎಂಬ ವೇರಿಯಬಲ್‌ನ ಬೆಲೆ ನೋಡುವುದು. ಅಲ್ಲಿ ಕಾಲರ್ ಮಾಡ್ಯೂಲ್‌ನ ಹೆಸರು ಬಂದರೆ ನೀವು ಸರಿಯಾದ ಮನೆಯೊಳಗಿದ್ದೀರಿ. ಸಹಾಯಕ ಫೈಲಿನ ಹೆಸರು ಬಂದರೆ ಮೇಲೆ ಹೇಳಿದ ತಪ್ಪೇ ಆಗಿದೆ. ಕನ್ಸೋಲ್ ಎಂದು ಬಂದರೆ ಶೆಲ್‌ಗೆ ಯಾವ ಡಿಕ್ಷನರಿಯನ್ನೂ ಕೊಟ್ಟಿಲ್ಲ, ಅದು ತನ್ನದೇ ಆದ ಖಾಲಿ ಜಾಗದಲ್ಲಿ ಕೂತಿದೆ ಎಂದು ಅರ್ಥ.

ಸರಳವಾದ ದಾರಿ: ಕಾಲರ್ ತಾನೇ ಕೊಡಲಿ

ಪೈಥಾನ್ ಜೊತೆಗೇ ಬರುವ ಕೋಡ್ ಎಂಬ ಮಾಡ್ಯೂಲ್‌ನಲ್ಲಿ ಇಂಟರಾಕ್ಟ್ ಎಂಬ ಫಂಕ್ಷನ್ ಇದೆ. ಅದಕ್ಕೆ ಲೋಕಲ್ ಎಂಬ ಆರ್ಗ್ಯುಮೆಂಟ್ ಮೂಲಕ ಒಂದು ಡಿಕ್ಷನರಿ ಕೊಡಬಹುದು. ಹೆಸರು ಲೋಕಲ್ ಎಂದಿದ್ದರೂ ಶೆಲ್ ಈ ಡಿಕ್ಷನರಿಯನ್ನು ಗ್ಲೋಬಲ್ ಜಾಗವಾಗಿಯೂ ಲೋಕಲ್ ಜಾಗವಾಗಿಯೂ, ಎರಡಕ್ಕೂ ಒಂದನ್ನೇ, ಬಳಸುತ್ತದೆ. ಕಾಲರ್ ಫೈಲಿನಲ್ಲೇ ಇಂಟರಾಕ್ಟ್ ಅನ್ನು ಕರೆದು, ಲೋಕಲ್ ಆರ್ಗ್ಯುಮೆಂಟ್‌ಗೆ ಗ್ಲೋಬಲ್ಸ್ ಫಂಕ್ಷನ್‌ನ ಫಲಿತವನ್ನು ಕೊಟ್ಟರೆ ಕೆಲಸ ಮುಗಿಯಿತು. ಗ್ಲೋಬಲ್ಸ್ ಕೊಡುವುದು ನಕಲಲ್ಲ, ಮಾಡ್ಯೂಲ್‌ನ ನಿಜವಾದ ಡಿಕ್ಷನರಿ. ಆದ್ದರಿಂದ ಶೆಲ್‌ನಲ್ಲಿ ಎಣಿಕೆ = 10 ಎಂದು ಬರೆದು ಹೊರಬಂದರೆ, ಆ ಮಾಡ್ಯೂಲ್‌ನ ಎಲ್ಲ ಫಂಕ್ಷನ್‌ಗಳಿಗೂ ಅಲ್ಲಿಂದ ಮುಂದೆ ಎಣಿಕೆಯ ಬೆಲೆ 10 ಆಗಿಯೇ ಕಾಣುತ್ತದೆ.

ಸಹಾಯಕ ಫಂಕ್ಷನ್ ಬೇಕೇ ಬೇಕೆಂದರೂ ನಾನು ಮೊದಲು ಸೂಚಿಸುವುದು ಇದನ್ನೇ: ಆ ಫಂಕ್ಷನ್‌ಗೆ ಒಂದು ಆರ್ಗ್ಯುಮೆಂಟ್ ಇರಲಿ, ಕಾಲರ್ ಅದನ್ನು ಕರೆಯುವಾಗ ಆವರಣದೊಳಗೆ ಗ್ಲೋಬಲ್ಸ್ ಅನ್ನು ತಾನೇ ಕರೆದು ಕೊಡಲಿ. ಆರ್ಗ್ಯುಮೆಂಟ್‌ಗಳ ಬೆಲೆ ಲೆಕ್ಕವಾಗುವುದು ಕಾಲರ್‌ನ ಜಾಗದಲ್ಲಿ ಆದ್ದರಿಂದ ಸರಿಯಾದ ಡಿಕ್ಷನರಿಯೇ ಬರುತ್ತದೆ. ಪ್ರತಿ ಸಲ ಒಂದು ಪದ ಹೆಚ್ಚು ಟೈಪ್ ಮಾಡಬೇಕು, ನಿಜ. ಆದರೆ ಯಾರ ಗ್ಲೋಬಲ್‌ಗಳು ಶೆಲ್‌ಗೆ ಹೋಗುತ್ತಿವೆ ಎಂಬುದು ಕೋಡ್ ಓದುವವರಿಗೆ ಆ ಸಾಲಿನಲ್ಲೇ ಕಾಣುತ್ತದೆ.

ಫ್ರೇಮ್ ಹಿಡಿದು ಕಾಲರ್‌ನ ತನಕ

ಆರ್ಗ್ಯುಮೆಂಟ್ ಇಲ್ಲದೆಯೇ ನಡೆಯಬೇಕು ಎಂದಾದರೆ ಫ್ರೇಮ್‌ಗಳ ಮೊರೆ ಹೋಗಬೇಕು. ಒಂದು ಫಂಕ್ಷನ್ ಓಡುತ್ತಿರುವಷ್ಟು ಹೊತ್ತು ಅದಕ್ಕೊಂದು ಫ್ರೇಮ್ ಇರುತ್ತದೆ. ಆ ಫ್ರೇಮ್‌ನಲ್ಲಿ ಎಫ್ ಅಂಡರ್‌ಸ್ಕೋರ್ ಗ್ಲೋಬಲ್ಸ್ ಎಂಬುದು ಆ ಫಂಕ್ಷನ್‌ನ ಮಾಡ್ಯೂಲ್ ಡಿಕ್ಷನರಿ, ಎಫ್ ಅಂಡರ್‌ಸ್ಕೋರ್ ಲೋಕಲ್ಸ್ ಎಂಬುದು ಅದರ ಲೋಕಲ್ ಹೆಸರುಗಳು, ಎಫ್ ಅಂಡರ್‌ಸ್ಕೋರ್ ಬ್ಯಾಕ್ ಎಂಬುದು ಅದನ್ನು ಕರೆದ ಫಂಕ್ಷನ್‌ನ ಫ್ರೇಮ್. ಸಹಾಯಕ ಫಂಕ್ಷನ್‌ನೊಳಗೆ ಇನ್‌ಸ್ಪೆಕ್ಟ್ ಮಾಡ್ಯೂಲ್‌ನ ಕರೆಂಟ್‌ಫ್ರೇಮ್ ಅನ್ನು ಕರೆದರೆ ಸಹಾಯಕ ಫಂಕ್ಷನ್‌ನದೇ ಫ್ರೇಮ್ ಸಿಗುತ್ತದೆ. ಅದರ ಬ್ಯಾಕ್ ಹಿಡಿದು ಒಂದು ಮೆಟ್ಟಿಲು ಹಿಂದೆ ಹೋದರೆ ಕಾಲರ್‌ನ ಫ್ರೇಮ್ ಸಿಗುತ್ತದೆ. ಅದರ ಗ್ಲೋಬಲ್ಸ್ ಅನ್ನು ಇಂಟರಾಕ್ಟ್‌ಗೆ ಕೊಡಬೇಕು. ಸಿಸ್ ಮಾಡ್ಯೂಲ್‌ನಲ್ಲಿ ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಗೆಟ್‌ಫ್ರೇಮ್ ಕೂಡ ಇದೇ ಕೆಲಸ ಮಾಡುತ್ತದೆ, ಅದಕ್ಕೆ 1 ಎಂಬ ಸಂಖ್ಯೆ ಕೊಟ್ಟರೆ ನೇರವಾಗಿ ಕಾಲರ್‌ನ ಫ್ರೇಮ್ ಬರುತ್ತದೆ. ಇದು ಸಿಪೈಥಾನ್‌ನ, ಎಂದರೆ ಹೆಚ್ಚಿನವರು ಬಳಸುವ ಸಾಮಾನ್ಯ ಪೈಥಾನ್‌ನ, ಒಳಗುಟ್ಟು. ಎಲ್ಲ ಬಗೆಯ ಪೈಥಾನ್‌ಗಳಲ್ಲೂ ಇರಲೇಬೇಕೆಂಬ ನಿಯಮವಿಲ್ಲ. ಕರೆಂಟ್‌ಫ್ರೇಮ್ ಕೂಡ ಫ್ರೇಮ್ ಬೆಂಬಲವಿಲ್ಲದ ಕಡೆ ನನ್ ಎಂಬ ಬೆಲೆ ಕೊಡುತ್ತದೆ. ಇನ್‌ಸ್ಪೆಕ್ಟ್‌ನ ಸ್ಟ್ಯಾಕ್ ಎಂಬ ಫಂಕ್ಷನ್ ಕೂಡ ಬಳಕೆಯಲ್ಲಿದೆ, ಆದರೆ ಅದು ಪ್ರತಿ ಫ್ರೇಮ್‌ಗೂ ಮೂಲ ಫೈಲಿನ ಸಾಲುಗಳನ್ನು ಹುಡುಕಿ ತರುತ್ತದೆ. ಒಂದೇ ಮೆಟ್ಟಿಲು ಹಿಂದೆ ಹೋಗಲು ಅಷ್ಟು ಕೆಲಸ ಬೇಡ.

ಈ ವಿಧಾನದಲ್ಲಿ ಎಚ್ಚರ ಬೇಕಾದದ್ದು ಮೆಟ್ಟಿಲುಗಳ ಎಣಿಕೆಯಲ್ಲಿ. ಸಹಾಯಕ ಫಂಕ್ಷನ್‌ಗೆ ಒಂದು ಡೆಕೊರೇಟರ್ ಹಚ್ಚಿದರೆ, ಅಥವಾ ಅದನ್ನೇ ಇನ್ನೊಂದು ಸಹಾಯಕ ಫಂಕ್ಷನ್‌ನೊಳಗೆ ಸುತ್ತಿದರೆ, ನಡುವೆ ಒಂದು ಫ್ರೇಮ್ ಹೆಚ್ಚಾಗುತ್ತದೆ ಮತ್ತು ಶೆಲ್ ಮತ್ತೆ ತಪ್ಪು ಮನೆಯಲ್ಲಿ ತೆರೆಯುತ್ತದೆ; ಯಾವ ದೋಷಸಂದೇಶವೂ ಬರುವುದಿಲ್ಲ. ಇದಕ್ಕೆ ಒಂದು ಪರಿಹಾರವೆಂದರೆ ಎಣಿಸುವುದನ್ನು ಬಿಟ್ಟು ಹುಡುಕುವುದು: ಫ್ರೇಮ್‌ನ ಗ್ಲೋಬಲ್ಸ್ ಮತ್ತು ಸಹಾಯಕ ಫೈಲಿನ ಗ್ಲೋಬಲ್ಸ್ ಒಂದೇ ವಸ್ತುವಾಗಿರುವಷ್ಟು ಹೊತ್ತು ಹಿಂದೆ ಹಿಂದೆ ಹೋಗುತ್ತ, ಬೇರೆ ಡಿಕ್ಷನರಿ ಸಿಕ್ಕ ಮೊದಲ ಫ್ರೇಮ್‌ನಲ್ಲಿ ನಿಲ್ಲುವುದು. ಹೋಲಿಕೆಯನ್ನು ಸಮ ಚಿಹ್ನೆಗಳಿಂದಲ್ಲ, ಈಸ್ ಎಂಬ ಪದದಿಂದ ಮಾಡಬೇಕು, ಏಕೆಂದರೆ ಇಲ್ಲಿ ಬೇಕಾದದ್ದು ಒಳಗಿರುವುದು ಒಂದೇ ಬಗೆಯದ್ದೇ ಎಂಬ ಪರೀಕ್ಷೆಯಲ್ಲ, ಅದೇ ಡಿಕ್ಷನರಿಯೇ ಎಂಬ ಪರೀಕ್ಷೆ. ಡೆಕೊರೇಟರ್ ಮೂರನೆಯ ಫೈಲಿನಲ್ಲಿ ಬರೆಯಲ್ಪಟ್ಟಿದ್ದರೆ ಈ ಹುಡುಕಾಟವೂ ಅಲ್ಲಿಯೇ ನಿಂತುಬಿಡುತ್ತದೆ. ಆರ್ಗ್ಯುಮೆಂಟ್ ಮೂಲಕ ಕೊಡುವುದನ್ನು ನಾನು ಮೊದಲು ಹೇಳಿದ್ದು ಇದಕ್ಕಾಗಿಯೇ.

ಫ್ರೇಮ್ ಅನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದುಕೊಂಡಿದ್ದರೆ, ಕೆಲಸ ಮುಗಿದ ಮೇಲೆ ಆ ವೇರಿಯಬಲ್ ಅನ್ನು ಅಳಿಸಿಬಿಡಿ; ಫೈನಲಿ ಭಾಗದಲ್ಲಿ ಅಳಿಸುವುದು ಒಳ್ಳೆಯದು. ಫ್ರೇಮ್ ತನ್ನ ಲೋಕಲ್‌ಗಳನ್ನು ಹಿಡಿದಿರುತ್ತದೆ, ಆ ಲೋಕಲ್‌ಗಳಲ್ಲೊಂದು ಅದೇ ಫ್ರೇಮ್ ಅನ್ನು ಹಿಡಿದಿದ್ದರೆ ಅವು ಒಂದನ್ನೊಂದು ಬಿಡದೆ, ಬಳಕೆಯಿಲ್ಲದ ವಸ್ತುಗಳನ್ನು ತೆರವು ಮಾಡುವ ಪೈಥಾನ್‌ನ ಕಸ ಸಂಗ್ರಾಹಕ ಬರುವ ತನಕ ನೆನಪಿನಲ್ಲೇ ಉಳಿಯುತ್ತವೆ.

ನಕಲೋ ಮೂಲವೋ

ಇದುವರೆಗೆ ಗ್ಲೋಬಲ್‌ಗಳ ಮಾತಷ್ಟೇ ಆಯಿತು. ನಿಜವಾದ ಕೆಲಸದಲ್ಲಿ ಶೆಲ್ ತೆರೆಯುವುದು ಸಾಮಾನ್ಯವಾಗಿ ಒಂದು ಫಂಕ್ಷನ್‌ನ ನಡುವೆ, ಆಗ ಅದರ ಲೋಕಲ್‌ಗಳೂ ಗ್ಲೋಬಲ್‌ಗಳೂ ಎರಡೂ ಬೇಕಾಗುತ್ತವೆ. ಲೋಕಲ್ಸ್ ಅನ್ನು ಮಾತ್ರ ಕೊಟ್ಟರೆ ಗ್ಲೋಬಲ್‌ಗಳು ಕಾಣುವುದಿಲ್ಲ, ಗ್ಲೋಬಲ್ಸ್ ಅನ್ನು ಮಾತ್ರ ಕೊಟ್ಟರೆ ಲೋಕಲ್‌ಗಳು ಕಾಣುವುದಿಲ್ಲ. ಎಲ್ಲರೂ ಮಾಡುವುದು ಎರಡನ್ನೂ ಸೇರಿಸಿ ಒಂದು ಹೊಸ ಡಿಕ್ಷನರಿ ಮಾಡಿ ಕೊಡುವುದು: ಮೊದಲು ಗ್ಲೋಬಲ್‌ಗಳು, ಅವುಗಳ ಮೇಲೆ ಲೋಕಲ್‌ಗಳು, ಇದರಿಂದ ಎರಡರಲ್ಲೂ ಇರುವ ಹೆಸರಿಗೆ ಫಂಕ್ಷನ್‌ಗೆ ಕಾಣುವ ಬೆಲೆಯೇ ಸಿಗುತ್ತದೆ.

ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಆದರೆ ಈಗ ಶೆಲ್‌ನ ಕೈಯಲ್ಲಿರುವುದು ನಕಲು. ಅಲ್ಲಿ ಮಿತಿ = 50 ಎಂದು ಬರೆದರೆ ನಕಲಿನಲ್ಲಿ ಮಿತಿ ಬದಲಾಗುತ್ತದೆ, ಮಾಡ್ಯೂಲ್‌ನ ಮಿತಿ ಹಾಗೆಯೇ ಇರುತ್ತದೆ. ಇನ್ನೂ ಗೊಂದಲ ಹುಟ್ಟಿಸುವುದು ಮುಂದಿನ ಹೆಜ್ಜೆ: ಅದೇ ಶೆಲ್‌ನಲ್ಲಿ ಕಾಲರ್ ಮಾಡ್ಯೂಲ್‌ನ ಫಂಕ್ಷನ್ ಒಂದನ್ನು ಕರೆದರೆ, ಅದು ತಾನು ಹುಟ್ಟಿದ ಡಿಕ್ಷನರಿಯನ್ನೇ ನೋಡುವುದರಿಂದ ಹಳೆಯ ಮಿತಿಯನ್ನೇ ಬಳಸುತ್ತದೆ. ಪ್ರಾಂಪ್ಟ್‌ನಲ್ಲಿ ಮಿತಿ ಎಂದು ಕೇಳಿದರೆ 50, ಫಂಕ್ಷನ್ ಒಳಗೆ ಬೇರೆ. ಹೀಗಿದ್ದರೂ ಪಟ್ಟಿ, ಡಿಕ್ಷನರಿಯಂಥ ಬದಲಾಗಬಲ್ಲ ವಸ್ತುಗಳಿಗೆ ಶೆಲ್‌ನಿಂದ ಏನನ್ನಾದರೂ ಸೇರಿಸಿದರೆ ಅದು ಎಲ್ಲೆಡೆ ಕಾಣುತ್ತದೆ, ಏಕೆಂದರೆ ನಕಲಾಗಿರುವುದು ಹೆಸರುಗಳ ಪಟ್ಟಿ, ವಸ್ತುಗಳಲ್ಲ. ಪಿಡಿಬಿ ಡಿಬಗರ್‌ನೊಳಗಿನ ಇಂಟರಾಕ್ಟ್ ಆಜ್ಞೆಯೂ ಇದೇ ರೀತಿ ಹೊಸ ಜಾಗವೊಂದನ್ನು ಕಟ್ಟಿಕೊಂಡು ತೆರೆಯುತ್ತದೆ, ಆದ್ದರಿಂದ ಅಲ್ಲಿ ಕೊಟ್ಟ ಹೊಸ ಬೆಲೆಗಳೂ ಮೂಲಕ್ಕೆ ಹೋಗುವುದಿಲ್ಲ. ಪಿಡಿಬಿಯ ಸಾಮಾನ್ಯ ಪ್ರಾಂಪ್ಟ್‌ನಲ್ಲಿ ಗ್ಲೋಬಲ್ ಎಂಬ ಹೇಳಿಕೆಯನ್ನೂ ಹೊಸ ಬೆಲೆ ಕೊಡುವುದನ್ನೂ ಒಂದೇ ಸಾಲಿನಲ್ಲಿ, ಅರ್ಧವಿರಾಮ ಹಾಕಿ ಬರೆದರೆ ಮೂಲ ಗ್ಲೋಬಲ್ ಬದಲಾಗುತ್ತದೆ.

ಸೇರಿಸಿದ ಡಿಕ್ಷನರಿಯನ್ನು ಕೊಟ್ಟೂ ಮೂಲವನ್ನು ಬದಲಾಯಿಸಬೇಕೆಂದರೆ, ಡಿಕ್ಷನರಿ ಕಟ್ಟುವಾಗ ಅದರೊಳಗೆ ಇನ್ನೊಂದು ಹೆಸರನ್ನೂ ಇಡಿ. ಮೂಲ ಎಂದೇ ಕರೆಯಬಹುದು. ಅದರ ಬೆಲೆ ಕಾಲರ್‌ನ ನಿಜವಾದ ಗ್ಲೋಬಲ್ ಡಿಕ್ಷನರಿಯಾಗಿರಲಿ. ಆಗ ಶೆಲ್‌ನಲ್ಲಿ ಮೂಲ['ಮಿತಿ'] = 50 ಎಂದು ಬರೆದರೆ ಬದಲಾವಣೆ ನೇರವಾಗಿ ಮಾಡ್ಯೂಲ್‌ಗೆ ಹೋಗುತ್ತದೆ. ನನಗೆ ಇಷ್ಟವಾದ ದಾರಿ ಇದು: ಆಕಸ್ಮಿಕವಾಗಿ ಬರೆದ ಸಾಲು ಪ್ರೋಗ್ರಾಂ ಅನ್ನು ಕೆಡಿಸುವುದಿಲ್ಲ, ಬೇಕೆಂದೇ ಬದಲಾಯಿಸಿದ್ದು ಮಾತ್ರ ತಲುಪುತ್ತದೆ. ಶೆಲ್ ಮುಚ್ಚಿದ ಮೇಲೆ ನಕಲಿನಲ್ಲಿ ಬದಲಾದ ಗ್ಲೋಬಲ್ ಹೆಸರುಗಳನ್ನು ಹುಡುಕಿ ಮೂಲಕ್ಕೆ ಬರೆಯುವ ಕೋಡನ್ನೂ ಸಹಾಯಕ ಫಂಕ್ಷನ್‌ಗೆ ಸೇರಿಸಬಹುದು. ಆಗ ಲೋಕಲ್ ಹೆಸರುಗಳನ್ನು ಬಿಟ್ಟುಬಿಡಲು ಮರೆಯಬಾರದು.

ಗ್ಲೋಬಲ್ಸ್‌ಗೆ ಅಪ್‌ಡೇಟ್ ಮೂಲಕ ಲೋಕಲ್ಸ್ ಅನ್ನೆಲ್ಲ ಸುರಿದು ಕೊಡಿ ಎಂಬ ಸಲಹೆ ನಿಮಗೆ ಎಲ್ಲಾದರೂ ಸಿಕ್ಕೀತು. ಅದನ್ನು ಬಳಸಬೇಡಿ. ಶೆಲ್ ಮುಚ್ಚಿದ ಮೇಲೂ ಆ ಲೋಕಲ್ ಹೆಸರುಗಳು ಮಾಡ್ಯೂಲ್‌ನಲ್ಲೇ ಉಳಿಯುತ್ತವೆ, ಒಂದೇ ಹೆಸರಿನ ಗ್ಲೋಬಲ್ ಇದ್ದರೆ ಅದರ ಬೆಲೆ ಅಳಿದುಹೋಗುತ್ತದೆ, ಮತ್ತು ನೀವು ಹುಡುಕುತ್ತಿದ್ದ ದೋಷ ಒಂದಿದ್ದದ್ದು ಎರಡಾಗುತ್ತದೆ.

ಲೋಕಲ್‌ಗಳಿಗೆ ಬರೆಯುವ ವಿಚಾರದಲ್ಲಿ ಪೈಥಾನ್ 3.13 ಒಂದು ದೊಡ್ಡ ಬದಲಾವಣೆ ತಂದಿದೆ. ಅದಕ್ಕೂ ಮೊದಲು ಫಂಕ್ಷನ್ ಒಂದರ ಫ್ರೇಮ್‌ನ ಲೋಕಲ್ಸ್‌ಗೆ ಬರೆದದ್ದು ಫಂಕ್ಷನ್‌ಗೆ ತಲುಪುತ್ತದೆ ಎಂಬ ಭರವಸೆ ಇರಲಿಲ್ಲ. 3.13ರಿಂದ ಫ್ರೇಮ್‌ನ ಲೋಕಲ್ಸ್ ಮೂಲಕ ಬರೆದದ್ದು ನಿಜವಾದ ಲೋಕಲ್ ವೇರಿಯಬಲ್‌ಗೇ ಹೋಗುತ್ತದೆ. ಫಂಕ್ಷನ್‌ನೊಳಗೆ ಲೋಕಲ್ಸ್ ಅನ್ನು ಕರೆದರೆ ಮಾತ್ರ ಪ್ರತಿ ಸಲವೂ ಹೊಸ ನಕಲು ಸಿಗುತ್ತದೆ. ಗ್ಲೋಬಲ್‌ಗಳಿಗೆ ಇದಾವುದೂ ಅನ್ವಯಿಸುವುದಿಲ್ಲ, ಅವು ಮೊದಲಿನಿಂದಲೂ ಒಂದು ನಿಜವಾದ ಡಿಕ್ಷನರಿಯೇ.

ಐಪೈಥಾನ್ ಬಳಸುವಾಗ

ಐಪೈಥಾನ್ ಎಂಬ ಸಂವಾದಾತ್ಮಕ ಶೆಲ್‌ನ ಎಂಬೆಡ್ ಫಂಕ್ಷನ್ ಈ ಕೆಲಸದ ಬಹುಭಾಗವನ್ನು ತಾನೇ ಮಾಡಿಕೊಳ್ಳುತ್ತದೆ. ತನ್ನನ್ನು ಕರೆದ ಫ್ರೇಮ್ ಹಿಡಿದು, ಅದರ ಲೋಕಲ್‌ಗಳನ್ನು ಶೆಲ್‌ನ ಲೋಕಲ್ ಜಾಗವಾಗಿ ತೆಗೆದುಕೊಳ್ಳುತ್ತದೆ. ಅದರ ಗ್ಲೋಬಲ್ ಡಿಕ್ಷನರಿಯಲ್ಲಿ ಬರೆದಿರುವ ಮಾಡ್ಯೂಲ್ ಹೆಸರನ್ನು ನೋಡಿ, ಸಿಸ್ ಮಾಡ್ಯೂಲ್ಸ್ ಎಂಬ ಪಟ್ಟಿಯಿಂದ ಆ ಮಾಡ್ಯೂಲನ್ನು ತಂದು ಗ್ಲೋಬಲ್ ಜಾಗವಾಗಿಸುತ್ತದೆ. ಕಾಲರ್‌ನಲ್ಲೇ ನೇರವಾಗಿ ಎಂಬೆಡ್ ಕರೆದರೆ ಬೇರೇನೂ ಬೇಡ. ಸ್ಟಾರ್ಟ್ ಐಪೈಥಾನ್ ಎಂಬ ಇನ್ನೊಂದು ಫಂಕ್ಷನ್‌ಗೆ ಈ ಗುಣವಿಲ್ಲ; ಅದು ಕಾಲರ್‌ನ ಕಡೆ ನೋಡುವುದಿಲ್ಲ, ಬೇಕಾದ ಹೆಸರುಗಳನ್ನು ಯೂಸರ್ ಅಂಡರ್‌ಸ್ಕೋರ್ ಎನ್‌ಎಸ್ ಆರ್ಗ್ಯುಮೆಂಟ್ ಮೂಲಕ ನಾವೇ ಕೊಡಬೇಕು.

ಎಂಬೆಡ್ ಅನ್ನು ಸಹಾಯಕ ಫಂಕ್ಷನ್‌ನೊಳಗೆ ಇಟ್ಟರೆ ಅದು ಹಿಡಿಯುವ ಫ್ರೇಮ್ ಸಹಾಯಕ ಫಂಕ್ಷನ್‌ನದ್ದಾಗುತ್ತದೆ. ಆಗ ಇಂಟರಾಕ್ಟಿವ್‌ಶೆಲ್‌ಎಂಬೆಡ್ ಎಂಬ ಕ್ಲಾಸ್‌ನಿಂದ ಒಂದು ಶೆಲ್ ವಸ್ತು ಮಾಡಿಕೊಂಡು, ಅದನ್ನು ಕರೆಯುವಾಗ ಸ್ಟ್ಯಾಕ್ ಡೆಪ್ತ್ ಆರ್ಗ್ಯುಮೆಂಟ್‌ಗೆ 2 ಎಂದು ಕೊಡಬೇಕು. ಏನೂ ಕೊಡದಿದ್ದರೆ ಅದು 1, ಎಂದರೆ ನೇರವಾಗಿ ಕರೆದವರು. ಅಥವಾ ಲೋಕಲ್ ಎನ್‌ಎಸ್ ಮತ್ತು ಮಾಡ್ಯೂಲ್ ಎಂಬ ಆರ್ಗ್ಯುಮೆಂಟ್‌ಗಳಲ್ಲಿ ಕಾಲರ್‌ನ ಲೋಕಲ್‌ಗಳನ್ನೂ ಮಾಡ್ಯೂಲನ್ನೂ ನೇರವಾಗಿ ಕೊಡಬಹುದು, ಎಣಿಕೆಯ ತಪ್ಪಿಗೆ ಅಲ್ಲಿ ಅವಕಾಶವೇ ಇರುವುದಿಲ್ಲ. ಮಾಡ್ಯೂಲ್ ಎಂಬಲ್ಲಿ ಡಿಕ್ಷನರಿಯನ್ನಲ್ಲ, ಮಾಡ್ಯೂಲ್ ವಸ್ತುವನ್ನೇ ಕೊಡಬೇಕು.

ಐಪೈಥಾನ್ ಗ್ಲೋಬಲ್ ಮತ್ತು ಲೋಕಲ್ ಜಾಗಗಳನ್ನು ಬೇರೆಬೇರೆಯಾಗಿಯೇ ಇಡುವುದರಿಂದ ಎರಡು ಪರಿಣಾಮಗಳಿವೆ. ಫಂಕ್ಷನ್‌ನ ನಡುವೆ ತೆರೆದ ಶೆಲ್‌ನಲ್ಲಿ ಮಿತಿ = 50 ಎಂದು ಬರೆದರೆ ಅದು ಲೋಕಲ್ ಜಾಗಕ್ಕೆ ಹೋಗುತ್ತದೆ, ಗ್ಲೋಬಲ್ ಮಿತಿ ಬದಲಾಗುವುದಿಲ್ಲ; ಗ್ಲೋಬಲ್ಸ್ ಫಂಕ್ಷನ್ ಕರೆದು, ಸಿಕ್ಕ ಡಿಕ್ಷನರಿಯಲ್ಲಿ ಮಿತಿ ಎಂಬ ಕೀಲಿಗೆ ಬೆಲೆ ಕೊಡುವುದೇ ಇಲ್ಲಿ ನಂಬಬಹುದಾದ ದಾರಿ. ಎರಡನೆಯದಾಗಿ, ಶೆಲ್‌ನಲ್ಲಿ ಬರೆದ ಲ್ಯಾಂಬ್ಡಾ, ಡೆಫ್ ಅಥವಾ ಜನರೇಟರ್ ಎಕ್ಸ್‌ಪ್ರೆಶನ್ ಒಳಗಿಂದ ಕಾಲರ್‌ನ ಲೋಕಲ್ ಹೆಸರನ್ನು ಬಳಸಿದರೆ, ಪ್ರಾಂಪ್ಟ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಹೆಸರಿಗೂ ನೇಮ್‌ಎರರ್ ಬರುತ್ತದೆ, ಏಕೆಂದರೆ ಒಳಗಿನ ಫಂಕ್ಷನ್ ಹೊರಗಿನ ಹೆಸರನ್ನು ಗ್ಲೋಬಲ್ ಜಾಗದಲ್ಲಿ ಮಾತ್ರ ಹುಡುಕುತ್ತದೆ. ಹಿಂದೆ ಲಿಸ್ಟ್ ಕಾಂಪ್ರಿಹೆನ್ಶನ್ ಕೂಡ ಒಳಗೊಳಗೆ ಒಂದು ಫಂಕ್ಷನ್ ಆಗಿದ್ದರಿಂದ ಅದಕ್ಕೂ ಇದೇ ಗತಿಯಿತ್ತು, ಪೈಥಾನ್ 3.12ರಲ್ಲಿ ಅದು ಪ್ರತ್ಯೇಕ ಫಂಕ್ಷನ್ ಆಗುವುದು ನಿಂತಿತು, ಜನರೇಟರ್ ಮತ್ತು ಲ್ಯಾಂಬ್ಡಾಗಳ ಸ್ಥಿತಿ ಬದಲಾಗಲಿಲ್ಲ. ಹಿಂದೆ ಹೇಳಿದ ಸೇರಿಸಿದ ಡಿಕ್ಷನರಿಯಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಅಲ್ಲಿ ಎರಡು ಜಾಗಗಳೂ ಒಂದೇ.

ಉಳಿದ ಕೆಲವು ಎಡವುಗಲ್ಲುಗಳು

ಕಾಲರ್‌ನ ಗ್ಲೋಬಲ್ ಸರಿಯಾಗಿಯೇ ಬದಲಾದರೂ ಪ್ರೋಗ್ರಾಂನ ಇನ್ನೊಂದು ಭಾಗ ಹಳೆಯ ಬೆಲೆಯನ್ನೇ ಬಳಸುತ್ತಿದ್ದರೆ ಇಂಪೋರ್ಟ್ ಸಾಲುಗಳನ್ನು ನೋಡಿ. ಫ್ರಂ ಎಂದು ಆರಂಭಿಸಿ ಒಂದು ಹೆಸರನ್ನು ಮಾತ್ರ ಇಂಪೋರ್ಟ್ ಮಾಡಿಕೊಂಡ ಮಾಡ್ಯೂಲ್‌ಗೆ ಆ ಹೆಸರು ತನ್ನದೇ ಡಿಕ್ಷನರಿಯಲ್ಲಿ ಹೊಸದಾಗಿ ಬರೆದುಕೊಂಡದ್ದು. ಮೂಲ ಮಾಡ್ಯೂಲ್‌ನಲ್ಲಿ ಆಮೇಲೆ ಆದ ಬದಲಾವಣೆ ಅದಕ್ಕೆ ತಿಳಿಯುವುದಿಲ್ಲ. ಇಡೀ ಮಾಡ್ಯೂಲನ್ನು ಇಂಪೋರ್ಟ್ ಮಾಡಿ, ಚುಕ್ಕಿ ಹಾಕಿ ಹೆಸರು ಬಳಸಿದ ಕಡೆ ಈ ಸಮಸ್ಯೆ ಬರುವುದಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಸಂಗತಿ, ಒಂದೇ ಫೈಲ್ ಎರಡು ಮಾಡ್ಯೂಲ್ ಆಗುವುದು. ನೇರವಾಗಿ ಓಡಿಸಿದ ಫೈಲ್ ಮೇನ್ (ಇದರ ಹಿಂದೆ ಮುಂದೆಯೂ ಎರಡೆರಡು ಅಂಡರ್‌ಸ್ಕೋರ್) ಎಂಬ ಹೆಸರಿನಲ್ಲಿ ದಾಖಲಾಗುತ್ತದೆ. ಅದನ್ನೇ ಬೇರೊಂದು ಫೈಲ್ ಅದರ ಸ್ವಂತ ಹೆಸರಿನಿಂದ ಇಂಪೋರ್ಟ್ ಮಾಡಿದರೆ ಅದು ಮತ್ತೊಮ್ಮೆ ಓಡಿ, ಇನ್ನೊಂದು ಡಿಕ್ಷನರಿಯೊಂದಿಗೆ ಎರಡನೆಯ ಮಾಡ್ಯೂಲ್ ಹುಟ್ಟುತ್ತದೆ. ಶೆಲ್‌ನಲ್ಲಿ ಮೇನ್ ಅನ್ನು ಇಂಪೋರ್ಟ್ ಮಾಡಿಕೊಂಡು ಗ್ಲೋಬಲ್‌ಗಳನ್ನು ಪಡೆಯುವ ಸುಲಭದ ದಾರಿ ಹಲವರಿಗೆ ಗೊತ್ತಿದೆ, ಆದರೆ ಕಾಲರ್ ನಿಜವಾಗಿಯೂ ಮೇನ್ ಆಗಿದ್ದಾಗ ಮಾತ್ರ ಅದು ಸರಿ.

ಕೋಡ್ ಮಾಡ್ಯೂಲ್‌ನ ಶೆಲ್, ಸಾಮಾನ್ಯ ಪೈಥಾನ್ ಪ್ರಾಂಪ್ಟ್‌ನಂತೆಯೇ, ಕೊನೆಯ ಫಲಿತವನ್ನು ಅಂಡರ್‌ಸ್ಕೋರ್ ಎಂಬ ಹೆಸರಿನಲ್ಲಿ ಬಿಲ್ಟ್‌ಇನ್ಸ್ ಮಾಡ್ಯೂಲ್‌ನಲ್ಲಿ ಇಡುತ್ತದೆ. ಅನುವಾದಕ್ಕಾಗಿ ಗೆಟ್‌ಟೆಕ್ಸ್ಟ್‌ನ ಇನ್‌ಸ್ಟಾಲ್ ಬಳಸುವ ಪ್ರೋಗ್ರಾಂಗಳು ಅದೇ ಜಾಗದಲ್ಲಿ ಅದೇ ಹೆಸರಿನ ಫಂಕ್ಷನ್ ಇಟ್ಟಿರುತ್ತವೆ. ಅಂಥ ಪ್ರೋಗ್ರಾಂನಲ್ಲಿ ಶೆಲ್ ತೆರೆಯುವ ಮೊದಲು ಆ ಫಂಕ್ಷನ್ ಅನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟು, ಶೆಲ್ ಮುಚ್ಚಿದ ಮೇಲೆ ಮರಳಿ ಅದರ ಜಾಗದಲ್ಲಿ ಇಡಬೇಕು.

ಶೆಲ್‌ನಿಂದ ಹೊರಬರುವಾಗ ಎಕ್ಸಿಟ್ ಎಂಬ ಫಂಕ್ಷನ್ ಕರೆದರೆ ಇಂಟರಾಕ್ಟ್ ಜೊತೆಗೆ ಇಡೀ ಪ್ರೋಗ್ರಾಂ ನಿಂತುಹೋಗುತ್ತದೆ, ಅಷ್ಟು ಹೊತ್ತು ತಿದ್ದಿದ ಗ್ಲೋಬಲ್‌ಗಳೂ ಅದರ ಜೊತೆಗೇ ಹೋಗುತ್ತವೆ. ಕಂಟ್ರೋಲ್ ಮತ್ತು ಡಿ ಒತ್ತಿ ಹೊರಬನ್ನಿ. ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಝಡ್ ಒತ್ತಿ, ಆಮೇಲೆ ಎಂಟರ್ ಒತ್ತಬೇಕು. ಪೈಥಾನ್ 3.13ರಿಂದ ಇಂಟರಾಕ್ಟ್‌ಗೆ ಲೋಕಲ್ ಎಕ್ಸಿಟ್ ಎಂಬ ಆರ್ಗ್ಯುಮೆಂಟ್ ಬಂದಿದೆ. ಅದಕ್ಕೆ ಟ್ರೂ ಎಂದು ಕೊಟ್ಟರೆ ಎಕ್ಸಿಟ್ ಎಂದಾಗಲೂ ಶೆಲ್ ಮಾತ್ರ ಮುಚ್ಚಿ, ಕಾಲರ್ ತಾನು ನಿಂತ ಸಾಲಿನ ಮುಂದಿನಿಂದ ಹೊಸ ಬೆಲೆಗಳೊಂದಿಗೆ ಓಟ ಮುಂದುವರಿಸುತ್ತದೆ.